ಕ್ರಿಯಾಪದ ಬರುವ ತನಕ

ಮಾರ್ಚ್ ೪, ಮಂಗಳವಾರ

ಇವತ್ತು ಮಧ್ಯಾಹ್ನ ಊಟದ ಮೇಜಿನಲ್ಲಿ ಅಕ್ಕನ ಒಂದು ತಮಾಷೆ ಹಾಳಾಯಿತು.

ಭಾವ ತಮ್ಮ ಹಳೆಯ ಬೂಟಿನ ಅಟ್ಟೆ ಕಿತ್ತುಬಂದ ಕಥೆ ಹೇಳುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು ಅವರು. ಬೂಟಿನ ವಿಷಯವನ್ನೂ ಮೈದಾನದ ಆ ತುದಿಗೆ ಕೇಳುವಂತೆ ಹೇಳುತ್ತಾರೆ. ಅಕ್ಕ ಬಲಗೈಯ ಎರಡು ಬೆರಳಲ್ಲಿ ಟೈಪ್ ಮಾಡತೊಡಗಿದಳು. ಅಷ್ಟರಲ್ಲಿ ಮಾತು ಬೂಟಿನಿಂದ ಎದುರುಮನೆಗೆ ಹೋಗಿ, ಅಲ್ಲಿ ಹೋದ ವಾರ ತೀರಿಕೊಂಡ ಹಿರಿಯರ ಹತ್ತಿರ ಬಂದು ನಿಂತಿತ್ತು. "ಪಾಪ, ಅವರ ಹೆಂಡ್ತಿ ಒಬ್ಬರೇ ಆದ್ರು" ಎಂದೆ ನಾನು. ಆಗ ಮೇಜಿನ ಮೇಲಿನ ಪೆಟ್ಟಿಗೆ ಅಕ್ಕನ ದನಿಯಲ್ಲಿ, "ಸದ್ಯ, ಇಪ್ಪತ್ತು ವರ್ಷ ಆದ್ಮೇಲಾದ್ರೂ ಬಿಡುಗಡೆ ಆಯ್ತಲ್ಲ" ಎಂದಿತು.

ಬೂಟಿಗೆ ಹೇಳಿದ್ದು. ಯಾರೂ ನಗಲಿಲ್ಲ. ನಾನು ತಡವಾಗಿ ನಕ್ಕೆ, ಅದು ಇನ್ನೂ ಕೆಟ್ಟದಾಯಿತು. ಅಕ್ಕ ಸ್ಪೀಕರ್ ಆರಿಸಿ ಊಟ ಮುಗಿಸಿದಳು.

ಕಾಯಿಲೆ ಅವಳ ಸ್ನಾಯುಗಳನ್ನು ಒಂದೊಂದಾಗಿ ಸುಮ್ಮನಾಗಿಸುತ್ತಿದೆ. ಮೊದಲು ಕಾಲು, ಆಮೇಲೆ ಎಡಗೈ, ಹೋದ ವರ್ಷದ ಕೊನೆಗೆ ನಾಲಿಗೆ. ಮಾತು ಹೋಗುತ್ತದೆಂದು ತಿಳಿದಾಗ ಅವಳು ದೊಡ್ಡ ಬೀರುವಿನೊಳಗೆ ಸ್ಟೂಲು ಹಾಕಿಸಿಕೊಂಡು, ತೂಗುಬಿಟ್ಟ ಬಟ್ಟೆಗಳ ನಡುವೆ ಕೂತು, ನೂರಾರು ವಾಕ್ಯ ಓದಿ ತನ್ನ ದನಿಯನ್ನು ಹಿಡಿದಿಟ್ಟಳು. ಬಟ್ಟೆಗಳ ನಡುವೆ ಪ್ರತಿಧ್ವನಿ ಇರುವುದಿಲ್ಲವಂತೆ. ಪೆಟ್ಟಿಗೆಯೊಳಗಿನ, ಇಸ್ಪೀಟೆಲೆಯಷ್ಟು ದೊಡ್ಡ ಒಂದು ಕಂಪ್ಯೂಟರ್ ಬೋರ್ಡಿನಲ್ಲಿ ಆ ದನಿ ಈಗ ಇದೆ. ಟೈಪ್ ಮಾಡಿದ್ದನ್ನು ಅವಳಂತೆಯೇ ಹೇಳುತ್ತದೆ. ಸಿದ್ಧವಾಗಿ ಸಿಗುವ ದನಿಗಳು ಥಟ್ಟನೆ ಮಾತಾಡುತ್ತವೆ, ಅವು ಅವಳಿಗೆ ಬೇಡ. "ರೈಲ್ವೆ ಸ್ಟೇಷನ್ ಹೆಂಗಸಿನ ದನೀಲಿ ಜಗಳ ಆಡಲಾ?" ಎಂದು ಕೇಳಿದ್ದಳು. ಇಂಟರ್‌ನೆಟ್ಟಿನ ಮೂಲಕ ಮಾಡಿಸುವುದೂ ಬೇಡ. "ಮೇಷ್ಟ್ರಿಗೆ ಬೈಯೋ ಮಾತು ಪ್ರಪಂಚ ಸುತ್ತಿ ಬರಬೇಕಾ?"

ಹಾಗಾಗಿ ಆ ಪುಟ್ಟ ಬೋರ್ಡು ಒಂದೇ ಭಾರವನ್ನೆಲ್ಲ ಹೊರಬೇಕು. ಗುಂಡಿ ಒತ್ತಿದ ಮೇಲೆ ಮೊದಲ ಶಬ್ದ ಹೊರಡಲು ಎಂಟು ಸೆಕೆಂಡು. ಸಂಜೆ ಅಳೆದು ನೋಡಿದೆ. ಅಷ್ಟರಲ್ಲಿ ನಾವು ಇನ್ನೊಂದು ಮಾತಿಗೆ ದಾಟಿರುತ್ತೇವೆ.

ಈಗ ಎದುರಿಗೆ ಕೂತು ಏನೋ ಟೈಪ್ ಮಾಡುತ್ತಿದ್ದಾಳೆ. ಅವಳು ಮುಗಿಸುವುದರೊಳಗೆ ನಾನು ಈ ಪುಟ ಮುಗಿಸಬಹುದು. ಮುಗಿಸಿದೆ ಕೂಡ.

ಮಾರ್ಚ್ ೭, ಶುಕ್ರವಾರ

ಈ ಪೆಟ್ಟಿಗೆಯನ್ನು ಚುರುಕು ಮಾಡುವುದು ನನ್ನ ಕೆಲಸ ಎಂದು ನಿರ್ಧರಿಸಿದ್ದೇನೆ. ಗ್ರಂಥಾಲಯಕ್ಕೆ ಉದ್ದ ರಜೆ ಹಾಕಿ ಬಂದು, ಬರೀ ಮಾತ್ರೆ ಕೊಡುತ್ತಾ ಬಟ್ಟೆ ಮಡಚುತ್ತಾ ಕೂರುವುದಕ್ಕಿಂತ ಇದು ಮೇಲು.

ಅದೃಷ್ಟಕ್ಕೆ ಗುರು ಮನೆಯಲ್ಲೇ ಇದ್ದಾಳೆ. ಫೋನುಗಳ ಮಿದುಳಾದ ಚಿಪ್ಪು ಎಷ್ಟು ವೇಗವಾಗಿ, ಎಷ್ಟು ಹೊತ್ತು ಓಡಬಲ್ಲದೆಂದು ಅಳೆಯುವುದೇ ಅಕ್ಕನ ವೃತ್ತಿಯಾಗಿತ್ತು. ಬೆಂಚ್‌ಮಾರ್ಕ್ ಎನ್ನುತ್ತಾರೆ: ಎಲ್ಲ ಯಂತ್ರಗಳಿಗೂ ಒಂದೇ ಕೆಲಸ ಕೊಟ್ಟು ಯಾವುದು ಬೇಗ ಮುಗಿಸುತ್ತದೆಂದು ನೋಡುವುದು. ಅವಳ ಮೇಜಿನ ಕೆಳಗಿನ ಖಾನೆಯಲ್ಲಿ ಹಳೆಯ ಫೋನುಗಳು ಚಮಚಗಳ ಹಾಗೆ ಒಂದರ ಮೇಲೊಂದು ಬಿದ್ದಿವೆ. ಬೋರ್ಡಿಗಿಂತ ಫೋನೇ ವಾಸಿಯೇನೋ ಎಂದು ಮೂರನ್ನು ಚಾರ್ಜ್ ಮಾಡಿ, ಅವಳ ದನಿ ತುಂಬಿ ಓಡಿಸಿದೆ. ಒಂದು ಫೋನು ಮೊದಲ ಸಲವೇ ನಾಲ್ಕು ಸೆಕೆಂಡಿಗೆ ಮಾತಾಡಿತು. ಕುಣಿಯುವುದೊಂದು ಬಾಕಿ.

ಅಕ್ಕ ಟೈಪ್ ಮಾಡಿದಳು: "ಮೊದಲನೇ ಓಟ ನಂಬಬೇಡ ಗುಬ್ಬಿ. ತಣ್ಣಗಿದ್ದಾಗ ಎಲ್ಲರೂ ಶೂರರು. ಹತ್ತನೇದು ನೋಡು."

ಹತ್ತನೆಯದಕ್ಕೆ ಫೋನು ಅಂಗೈ ಸುಡುವಂತಾಗಿ ಹನ್ನೊಂದು ಸೆಕೆಂಡು ತೆಗೆದುಕೊಂಡಿತು. ಫೋನಿಗೆ ಉಸಿರಾಡಲು ಜಾಗವಿಲ್ಲ, ಬೋರ್ಡಿಗಾದರೆ ಫ್ಯಾನ್ ಹಾಕಬಹುದು. ಬೋರ್ಡೇ ಸರಿ ಎಂದಾಯಿತು.

ಆಮೇಲೆ ಒಂದು ಹಳೆಯ ಕಥೆ ಹೇಳಿದಳು, ನಿಧಾನಕ್ಕೆ, ಸಂಜೆಯ ಅರ್ಧ ಅದಕ್ಕೇ ಹೋಯಿತು. ಒಂದು ಫೋನು ಪರೀಕ್ಷೆಯ ಪ್ರೋಗ್ರಾಮಿನ ಹೆಸರು ಕಂಡ ಕೂಡಲೇ ಮೈ ಬಿಗಿಹಿಡಿದು ಓಡುತ್ತಿತ್ತಂತೆ. ಪರೀಕ್ಷೆ ಮುಗಿದರೆ ಮತ್ತೆ ಕುಂಟು. "ಹೇಗೆ ಹಿಡಿದೆ?" ಎಂದೆ. "ಪ್ರೋಗ್ರಾಮಿಗೆ ಬೇರೆ ಹೆಸರಿಟ್ಟೆ. ಪರೀಕ್ಷೆ ಅಂತ ಗೊತ್ತಾಗ್ಲಿಲ್ಲ ಅದಕ್ಕೆ. ನಿಜ ಹೇಳಿಬಿಡ್ತು."

ಮಾರ್ಚ್ ೧೧, ಮಂಗಳವಾರ

ಮೊದಲ ಸಲ ಓವರ್‌ಕ್ಲಾಕ್ ಮಾಡಿದೆ, ಅಂದರೆ ತಯಾರಿಸಿದವರು ಹಾಕಿಕೊಟ್ಟ ಮಿತಿ ದಾಟಿಸಿ ಚಿಪ್ಪನ್ನು ಓಡಿಸಿದೆ. ಬೋರ್ಡಿನ ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು ಬದಲಾಯಿಸಿದರೆ ಸಾಕು: ಒಂದು ವೇಗಕ್ಕೆ, ಇನ್ನೊಂದು ಆ ವೇಗಕ್ಕೆ ಬೇಕಾದ ವೋಲ್ಟೇಜಿಗೆ. ಹೆಚ್ಚು ಓಡಿದರೆ ಹೆಚ್ಚು ಕಾವು. ಕಾವು ಎಂಬತ್ತು ಡಿಗ್ರಿ ಮುಟ್ಟಿದರೆ ಚಿಪ್ಪು ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಅದಕ್ಕಿರುವ ವಿವೇಕ.

ಎಂಟು ಸೆಕೆಂಡು ಇದ್ದದ್ದು ಐದಾಯಿತು.

ಎಂ.ಎ. ಓದುವಾಗ ಪದ್ಯದ ಸಾಲಿನಲ್ಲಿ ಮಾತ್ರೆ ಎಣಿಸುತ್ತಿದ್ದೆ, ಲಘುವಿಗೆ ಒಂದು, ಗುರುವಿಗೆ ಎರಡು. ಈಗ ಬೆಳಿಗ್ಗೆ ಅಕ್ಕನ ಮಾತ್ರೆಗಳನ್ನು ಡಬ್ಬಿಯಲ್ಲಿ ಎಣಿಸಿಡುತ್ತೇನೆ, ಸಂಜೆ ಅವಳ ಮಾತಿಗೆ ಮುಂಚಿನ ಮೌನವನ್ನು ಎಣಿಸುತ್ತೇನೆ. ಎಣಿಕೆ ಬಿಟ್ಟಿಲ್ಲ ನನ್ನನ್ನು.

ಅವಳ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದ್ದಳು. ನಾನೇ ಮಾತಾಡಿದೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಗೆಲುವಾಗಿದ್ದಾಳೆ ಎಂದೆಲ್ಲ. ಫೋನ್ ಇಟ್ಟ ಮೇಲೆ ಪೆಟ್ಟಿಗೆ, "ನಾನು ಗೆಲುವಾಗಿದೀನಾ?" ಎಂದಿತು.

"ಮತ್ತೇನು ಹೇಳ್ಲಿ ಅಕ್ಕ, ದೂರದವರಿಗೆ?"

ಅವಳು ಟೈಪ್ ಮಾಡತೊಡಗಿದಳು. ಒಲೆಯ ಮೇಲೆ ಹಾಲಿತ್ತು. ನಾನು ಒಳಗಿನಿಂದ ಬರುವಷ್ಟರಲ್ಲಿ ಪೆಟ್ಟಿಗೆ ಏನೋ ಹೇಳಿ ಮುಗಿಸಿತ್ತು. ಏನೆಂದು ಕೇಳಿದ್ದಕ್ಕೆ ಬೆರಳು ಆಡಿಸಿ, ಬಿಡು ಎಂದಳು.

ಮಾರ್ಚ್ ೧೪, ಶುಕ್ರವಾರ

ಆಸ್ಪತ್ರೆ. ಅಕ್ಕ ಡಾಕ್ಟರ ಮುಂದೆ ನೆಟ್ಟಗೆ ಕೂತಳು. ಮನೆಯಲ್ಲಿ ಸೂಪು ಕುಡಿಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವವಳು, ಅವರು ಕೊಟ್ಟ ನೀರನ್ನು ಕೆಮ್ಮದೆ ಕುಡಿದಳು. ಭಾವನ ಮುಖ ಅರಳಿತು. ನನಗೆ ಆ ಫೋನಿನ ಕಥೆ ನೆನಪಾಯಿತು.

ಡಾಕ್ಟರಮ್ಮ ಮೋಸಹೋಗುವವರಲ್ಲ. ನುಂಗುವ ಸ್ನಾಯುಗಳು ಸೋಲುತ್ತಿವೆ ಎಂದರು. ಹೊಟ್ಟೆಗೆ ನೇರವಾಗಿ ಒಂದು ಟ್ಯೂಬ್ ಕೂರಿಸಿದರೆ ಆಹಾರ ಅದರಲ್ಲೇ ಕೊಡಬಹುದು, ಆಯಸ್ಸು ಸ್ವಲ್ಪ ಹಿಗ್ಗಬಹುದು. ಆದರೆ ಮಾಡಿಸುವುದಾದರೆ ಈಗಲೇ. ಉಸಿರಿನ ಬಲ ಇನ್ನೂ ಇಳಿದರೆ ಆಪರೇಷನ್ನೇ ಅಪಾಯ.

"ಮಾಡ್ಬಿಡಿ ಡಾಕ್ಟ್ರೇ" ಎಂದರು ಭಾವ, ಹೊರಗಿನ ಬೆಂಚಿನವರೂ ತಿರುಗಿ ನೋಡುವಂತೆ.

"ನಿಮ್ಮನ್ನಲ್ಲ ಕೇಳಿದ್ದು" ಎಂದರು ಅವರು.

ಎಲ್ಲರೂ ಅಕ್ಕನತ್ತ ತಿರುಗಿದೆವು. ಬೆರಳು ಕೀಲಿಮಣೆಯ ಮೇಲೆ ಹೊರಟಿತು. ಬಾಗಿಲಲ್ಲಿ ಮುಂದಿನವರು ಇಣುಕುತ್ತಿದ್ದರು. ನನಗೆ ಸಂಕೋಚವಾಗಿ, "ಯೋಚನೆ ಮಾಡಿ ಮುಂದಿನ ವಾರ ಹೇಳ್ತಾಳೆ" ಎಂದೆ. ಬೆರಳು ನಿಂತಿತು.

ಮುಂದಿನ ಶುಕ್ರವಾರಕ್ಕೆ ಪೆಟ್ಟಿಗೆ ಸಿದ್ಧವಾಗಿರಬೇಕು. ಇಷ್ಟು ದೊಡ್ಡ ಮಾತನ್ನು ಅವಳು ಅವಳ ದನಿಯಲ್ಲೇ, ತಡವರಿಸದೆ ಹೇಳಬೇಕು.

ಟ್ಯೂಬ್ ಹಾಕಿಸಿಕೊಳ್ಳುತ್ತಾಳೆ. ಹಾಕಿಸಿಕೊಳ್ಳದೆ ಇನ್ನೇನು?

ಮಾರ್ಚ್ ೧೯, ಬುಧವಾರ

ಗೆದ್ದೆ. ಚಿಪ್ಪಿನ ಮೇಲೆ ಬಾಚಣಿಗೆಯಂಥ ಅಲ್ಯೂಮಿನಿಯಂ ತುಂಡು ಅಂಟಿಸಿ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ಫ್ಯಾನ್ ಕೂರಿಸಿ, ವೇಗವನ್ನು ಅದು ತಾಳಬಲ್ಲ ಕೊನೆಯ ಮೆಟ್ಟಿಲಿಗೆ ಏರಿಸಿದೆ. ಮೂರು ಸೆಕೆಂಡಿಗೂ ಕಡಿಮೆ. ಕಾವು ಅರವತ್ತೈದು ದಾಟುತ್ತಿಲ್ಲ.

ಭಾವ ಬಂದು ಸೊಂಟಕ್ಕೆ ಕೈಕೊಟ್ಟು ನೋಡಿದರು. "ಅಕ್ಕನ ಬಾಯಿಗೆ ಫ್ಯಾನ್ ಹಾಕಿದ್ಯಾ ಗುಬ್ಬಿ? ಮದುವೆ ಆದಾಗ್ಲೇ ಹಾಕಿದ್ರೆ ನಾನೂ ತಣ್ಣಗಿರ್ತಿದ್ದೆ."

"ನಿಮ್ಮ ತಲೆಗೂ ಒಂದು ತರಿಸ್ತಿದೀವಿ" ಎಂದಿತು ಪೆಟ್ಟಿಗೆ, ಅವರ ಬಾಯಿ ಮುಚ್ಚುವ ಮೊದಲೇ. ಅಕ್ಕ ಅದನ್ನು ಮುಂಚೆಯೇ ಟೈಪ್ ಮಾಡಿಟ್ಟುಕೊಂಡು ಕಾದಿದ್ದಳೋ ಏನೋ. ಮೂವರೂ ನಕ್ಕೆವು. ಅವಳ ನಗೆ ಈಗ ಬರೀ ಭುಜದಲ್ಲಿ ಕಾಣುತ್ತದೆ. ಎಷ್ಟೋ ದಿನದ ಮೇಲೆ ಈ ಮನೆಯಲ್ಲಿ ನಗೆ ಸರಿಯಾದ ಜಾಗದಲ್ಲಿ ಬಿತ್ತು.

ಆಮೇಲೆ ಕೇಳಿದಳು: "ನನ್ನ ಬೆರಳನ್ನ ಯಾವಾಗ ಓವರ್‌ಕ್ಲಾಕ್ ಮಾಡ್ತೀಯ?" ನಾನು ಫ್ಯಾನಿನ ತಿರುಪು ಬಿಗಿಮಾಡಿದೆ. ಎರಡು ನಿಮಿಷ ಬಿಟ್ಟು ಇನ್ನೊಂದು: "ಹತ್ತನೇ ಓಟ ನೋಡಿದ್ಯಾ? ಉದ್ದ ವಾಕ್ಯ?"

"ಆಯ್ತು, ಆಯ್ತು" ಎಂದೆ. ಹತ್ತು ಸಲ ಓಡಿಸಿದ್ದು ನಿಜ. "ನೀರು ಕೊಡು", "ಕಿಟಕಿ ಹಾಕು", ಇಂಥವು.

ಮಾರ್ಚ್ ೨೧, ಶುಕ್ರವಾರ

ಮುಗಿಯಿತು, ಒಂದು ಭಾರ ಇಳಿಯಿತು. ಏಪ್ರಿಲ್ ಒಂಬತ್ತಕ್ಕೆ ಆಪರೇಷನ್.

ಆದದ್ದು ಇಷ್ಟು. ಡಾಕ್ಟರ ಕೋಣೆಯಲ್ಲಿ ಪ್ಲಗ್ಗು ದೂರವಿತ್ತು. ಬೋರ್ಡನ್ನು ಪವರ್ ಬ್ಯಾಂಕಿಗೆ ಚುಚ್ಚಿದೆ. ಅಕ್ಕ ಟೈಪ್ ಮಾಡಿ ಗುಂಡಿ ಒತ್ತಿದಳು. ದನಿ ಸ್ಪಷ್ಟವಾಗಿ ಬಂತು: "ಡಾಕ್ಟ್ರೇ, ನಾನು ಎಲ್ಲ ಯೋಚಿಸಿದೆ, ಇವರಿಬ್ಬರ ಆಸೆಯೂ ನನಗೆ ಗೊತ್ತು, ನನಗೆ ಆ ಟ್ಯೂಬ್ ಬೇಕಾಗಿ" ಅಷ್ಟಕ್ಕೇ ನಿಂತುಹೋಯಿತು. ಪರದೆ ಕಪ್ಪಾಯಿತು. ಬೋರ್ಡಿನ ಕೆಂಪು ದೀಪ ಆರಿ ಹತ್ತಿ ಆರಿತು.

"ಬೇಕಾಗಿದೆ ಅಂತಿದಾಳೆ ಡಾಕ್ಟ್ರೇ" ಎಂದು ನಾನು ಕೇಬಲ್ಲಿಗೆ ಬಗ್ಗಿದೆ. ತಲೆ ಎತ್ತಿದಾಗ ಭಾವ ಅಕ್ಕನ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಬಲಗೈಯನ್ನು. ಅವರ ಕಣ್ಣು ತುಂಬಿತ್ತು. ಮೂವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಡಾಕ್ಟರು ಅಕ್ಕನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಭಾವನತ್ತಲೇ ನೋಡುತ್ತಿದ್ದ ಅವಳು ತಲೆ ಅಲ್ಲಾಡಿಸದ್ದನ್ನು ಕಂಡು, ದಿನ ಗೊತ್ತುಮಾಡಿದರು.

ಬೋರ್ಡು ಮತ್ತೆ ಎದ್ದಾಗ ನಾವು ಕಾರಿನ ಹತ್ತಿರ ಇದ್ದೆವು. ಅಕ್ಕ ಹೇಳಿದ್ದು ಒಂದೇ: "ಮನೆಗೆ ಹೋಗೋಣ."

ಮಾರ್ಚ್ ೨೪, ಸೋಮವಾರ

ಅಕ್ಕ ಪೆಟ್ಟಿಗೆ ಬಳಸುತ್ತಿಲ್ಲ. ಬೇಕಾದದ್ದನ್ನು ಬೆರಳಲ್ಲಿ ತೋರಿಸುತ್ತಾಳೆ. ಆಪರೇಷನ್ ಭಯ ಇರಬೇಕು. ಫ್ಯಾನ್ ಮಾತ್ರ ಗುಂಯ್ ಎನ್ನುತ್ತಿದೆ.

ಭಾವ ಟ್ಯೂಬಿಗೆ ಕೊಡುವ ಆಹಾರದ ಡಬ್ಬಿಗಳನ್ನು ಈಗಲೇ ತಂದು ಸಾಲಾಗಿ, ಎತ್ತರದ ಪ್ರಕಾರ ನಿಲ್ಲಿಸಿದ್ದಾರೆ.

ಮಾರ್ಚ್ ೨೬, ಬುಧವಾರ

ಸಂಜೆ ಅವಳಿಗೆ ಪದ್ಯ ಓದಿ ಹೇಳಿದೆ. ಒಂದು ಸಾಲಿನ ಮಧ್ಯೆ ಯತಿಗೆ, ಉಸಿರು ತೆಗೆದುಕೊಳ್ಳುವ ಆ ನಿಲುಗಡೆಗೆ, ನಿಂತೆ. ಅಕ್ಕ ಕಣ್ಣೆತ್ತಿ ನನ್ನನ್ನು ನೋಡಿದಳು. ಸಾಲು ಮುಗಿಯುವ ತನಕ ನೋಡುತ್ತಲೇ ಇದ್ದಳು.

ಮಾರ್ಚ್ ೨೮, ಶುಕ್ರವಾರ

ಮನೆಯಲ್ಲಿ ಒಮ್ಮೆಯೂ ನಿಲ್ಲದ ಬೋರ್ಡು ಅಲ್ಲಿ ಯಾಕೆ ನಿಂತಿತು ಎಂಬುದು ತಲೆ ತಿನ್ನುತ್ತಿತ್ತು. ಆಪರೇಷನ್ ದಿನವೂ ಹೀಗೇ ಕೈಕೊಟ್ಟರೆ? ಬೆಳಿಗ್ಗೆ ಅಕ್ಕನ ಪಕ್ಕದಲ್ಲೇ ಮೇಜು ಹಾಕಿಕೊಂಡು ಪರೀಕ್ಷೆಗೆ ಕೂತೆ. ಗೋಡೆಯ ಪ್ಲಗ್ಗಿನಲ್ಲಿ ಚಿಕ್ಕ ವಾಕ್ಯ, ಸರಿ. ಉದ್ದ ವಾಕ್ಯ, ಸರಿ. ಪವರ್ ಬ್ಯಾಂಕಿನಲ್ಲಿ ಚಿಕ್ಕ ವಾಕ್ಯ, ಅದೂ ಸರಿ. ಪವರ್ ಬ್ಯಾಂಕಿನಲ್ಲಿ ಉದ್ದ ವಾಕ್ಯ ಕೊಟ್ಟರೆ ನಡುವೆಯೇ ಸತ್ತುಹೋಯಿತು. ಆ ವೇಗದಲ್ಲಿ ಉದ್ದಕ್ಕೆ ಓಡಲು ಬೇಕಾದಷ್ಟು ವಿದ್ಯುತ್ತನ್ನು ಪವರ್ ಬ್ಯಾಂಕು ಕೊಡಲಾರದು. ವೇಗವನ್ನು ನಾನೇ ಏರಿಸಿದ್ದು. ಉದ್ದ ವಾಕ್ಯದಲ್ಲಿ ನೋಡು ಎಂದು ಅವಳು ಹೇಳಿದ್ದಳು.

ಎಷ್ಟಕ್ಕೆ ನಿಲ್ಲುತ್ತದೆಂದು ತಿಳಿಯಲು ಅವತ್ತಿನ ವಾಕ್ಯವನ್ನೇ ಕೊಡೋಣ ಎಂದುಕೊಂಡೆ. ಅಕ್ಕ ಕಲಿಸಿದ್ದು ಅದೇ: ಪರೀಕ್ಷೆ ಮತ್ತೆ ಮಾಡುವಾಗ ಒಂದಕ್ಷರವೂ ಬದಲಾಗಬಾರದು. ಡಾಕ್ಟ್ರೇ ಎಂದು ಶುರುಮಾಡಿದೆ. ನಾನು ಎಲ್ಲ ಯೋಚಿಸಿದೆ, ಇವರಿಬ್ಬರ ಆಸೆಯೂ ನನಗೆ ಗೊತ್ತು, ನನಗೆ ಆ ಟ್ಯೂಬ್ ಬೇಕಾಗಿ.

ಅಲ್ಲಿ ನನ್ನ ಬೆರಳು ನಿಂತಿತು. ಮುಂದಿನದು ನನ್ನ ಹತ್ತಿರ ಇರಲಿಲ್ಲ.

ನಮ್ಮ ಭಾಷೆ ಎಲ್ಲವನ್ನೂ ಕೊನೆಗೆ ಇಟ್ಟುಕೊಳ್ಳುತ್ತದೆ. ಬೇಕಾಗಿದೆ. ಬೇಕಾಗಿರಬಹುದು. ಬೇಕಾಗಿತ್ತು. ಇನ್ನೊಂದನ್ನು ಬರೆಯಲು ಈಗಲೂ ಕೈ ಬರುತ್ತಿಲ್ಲ.

ತಿರುಗಿ ನೋಡಿದೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು, ಅರ್ಧ ವಾಕ್ಯವನ್ನು. ಎಷ್ಟು ಹೊತ್ತಿನಿಂದಲೋ.

"ನಾಳೆ ಭಾವನ ಎದುರಿಗೇ ಕೇಳ್ತೀನಿ ಅಕ್ಕ" ಎಂದೆ. ಅವಳು ಕಣ್ಣು ಮುಚ್ಚಿ ತೆರೆದಳು.

ಮಾರ್ಚ್ ೨೯, ಶನಿವಾರ

ಬೋರ್ಡನ್ನು ಮೊದಲಿನ ವೇಗಕ್ಕೆ ಇಳಿಸಿದೆ. ಫ್ಯಾನ್ ಬಿಚ್ಚಿದೆ. ಕೋಣೆ ಇಷ್ಟು ನಿಶ್ಶಬ್ದ ಎಂದು ಗೊತ್ತೇ ಇರಲಿಲ್ಲ.

"ಅಕ್ಕ, ಅವತ್ತು ನಿನ್ನ ಮಾತನ್ನ ನಾನು ಮುಗಿಸಿದೆ. ನೀನು ಮುಗಿಸು."

"ಏನಮ್ಮ ಇದು ಹೊಸದು? ಹೇಳಾಯ್ತಲ್ಲ ಆಗ್ಲೇ" ಎಂದರು ಭಾವ.

"ಭಾವ, ಸ್ವಲ್ಪ ಕೂತ್ಕೊಳ್ಳಿ."

ಅವರು ಮಂಚದ ತುದಿಯಲ್ಲಿ ಕೂತು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಅಕ್ಕನ ಬೆರಳು ಒಂದು ಅಕ್ಷರದಿಂದ ಇನ್ನೊಂದಕ್ಕೆ, ಹೊಳೆ ದಾಟುವವರು ಕಲ್ಲು ಹುಡುಕುವಂತೆ ಹೋಯಿತು. ಭಾವ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಗುಂಡಿ ಒತ್ತಿದಳು. ಆಮೇಲೆ ಮೌನ. ಆಮೇಲೆ:

"ನನಗೆ ಆ ಟ್ಯೂಬ್ ಬೇಕಾಗಿಲ್ಲ."

ಕೊನೆಯ ಆ "ಇಲ್ಲ"ವನ್ನು ಅವಳು ಯಾವಾಗಲೂ ನಾಲಿಗೆ ಒತ್ತಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಎದುರು ನಿಂತು ಹೇಳಿದ್ದೂ ಹಾಗೇ. ಬೀರುವಿನೊಳಗೆ ಅದನ್ನೂ ಹಿಡಿದಿಟ್ಟಿದ್ದಾಳೆ.

ಭಾವ ಎದ್ದು ಕಿಟಕಿಯ ಹತ್ತಿರ ಹೋದರು.

"ಮತ್ತೆ ಅವತ್ತೇ ತಿರುಗಿ ಯಾಕೆ ಹೇಳ್ಲಿಲ್ಲ?" ಎಂದೆ.

ಕೀಲಿಮಣೆಯ ಸದ್ದು. ರಸ್ತೆಯಲ್ಲಿ ಯಾರೋ ಸೈಕಲ್ ನಿಲ್ಲಿಸಿ, ಮಾತಾಡಿ, ಹೊರಟೂ ಹೋದರು.

"ಇಬ್ಬರೂ ಅಷ್ಟು ಸಂತೋಷವಾಗಿದ್ರಿ. ಮನೆಗೆ ಬಂದ್ಮೇಲೆ ನೀನೇ ಕೇಳ್ತೀಯ ಅಂತ ಕಾದೆ."

ಭಾವ ನಮಗೆ ಬೆನ್ನು ಹಾಕಿಯೇ, "ಹಾಗಾದ್ರೆ ನಾನು?" ಎಂದರು. ಅವರ ದನಿ ಅಷ್ಟು ಸಣ್ಣಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಅಕ್ಕ ತುಂಬ ಹೊತ್ತು ಟೈಪ್ ಮಾಡಿದಳು. ನಡುವೆ ಕೈ ಸೋತು ಮಡಿಲಿಗೆ ಬಿತ್ತು. ನಾನು ಎತ್ತಿಕೊಡಲಿಲ್ಲ. ಅವಳೇ ಎತ್ತಿದಳು. ಭಾವ ತಿರುಗಿ ನಿಂತು ಆ ಬೆರಳನ್ನೇ ನೋಡುತ್ತಿದ್ದರು.

"ನೀವಿದೀರಲ್ಲ ಮೇಷ್ಟ್ರೇ. ಬಾಯಲ್ಲಿ ತಿನ್ನೋಷ್ಟು ದಿನ ನಿಮ್ಮ ಕೈಲೇ ತಿಂತೀನಿ. ಆಮೇಲೆ ಸಾಕು."

ಮಾರ್ಚ್ ೩೧, ಸೋಮವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ತಪ್ಪು ನನ್ನದೆಂದು ಹೇಳಿದೆ. ಅವರು ಸ್ಟೂಲು ಎಳೆದುಕೊಂಡು ಅಕ್ಕನ ಎದುರು ಕೂತು, "ನೀವು ಹೇಳಿ, ನನಗೆ ಅವಸರ ಇಲ್ಲ" ಎಂದರು. ಹೊರಗೆ ಜನ ತುಂಬಿತ್ತು. ಅಕ್ಕ ಇಡೀ ವಾಕ್ಯ ಹೇಳಿದಳು. ಮನಸ್ಸು ಬದಲಾಯಿಸಲು ಇನ್ನೂ ಕೆಲವು ವಾರ ಇದೆ, ಬದಲಾಯಿಸದಿದ್ದರೂ ನೋವಾಗದಂತೆ ನೋಡಿಕೊಳ್ಳುತ್ತೇವೆ ಎಂದರು ಅವರು. ಒಂಬತ್ತನೇ ತಾರೀಖನ್ನು ಬೇರೆಯವರಿಗೆ ಕೊಟ್ಟರು.

ಭಾವ ಮನೆಗೆ ಬಂದವರೇ ಆ ಆಹಾರದ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಕತ್ತಲಾಗುವ ಮುಂಚೆ ಖಾಲಿ ಕೈಯಲ್ಲಿ ಬಂದು, ಬಾಳೆಹಣ್ಣನ್ನು ಚಮಚದಲ್ಲಿ ಕಿವುಚತೊಡಗಿದರು. ಒಂದೂ ಗಂಟಿಲ್ಲದ ಹಾಗೆ.

ಏಪ್ರಿಲ್ ೬, ಭಾನುವಾರ

ಭಾವ ಹೊಸ ಬೂಟು ತಂದಿದ್ದಾರೆ. ಊಟಕ್ಕೆ ಕೂತಾಗ ಅದು ಹಿಮ್ಮಡಿ ಕಚ್ಚುತ್ತದೆಂದು ದೂರಲು ಶುರುಮಾಡಿದರು. ನಡುವೆ ಕೀಲಿಮಣೆಯ ಸದ್ದು ಕೇಳಿಸಿತು. ಅವರ ಮಾತು ನಿಂತಿತು. ಅಕ್ಕನಿಗೆಂದು ಎತ್ತಿದ ಚಮಚ ಅವರ ಕೈಯಲ್ಲಿ ಹಾಗೇ ನಿಂತಿತ್ತು. ನಾನು ಲೋಟದ ಅಂಚು ಒರೆಸುತ್ತಾ ಕೂತಿದ್ದೆ. ಸೂಪಿನ ಹಬೆ ತಗ್ಗಿತು.

"ಅದಕ್ಕೂ ಗೊತ್ತಾಗಿದೆ ಯಾರ ಕಾಲು ಅಂತ."

ಭಾವ ಮೊದಲು ಚಮಚವನ್ನು ಜೋಪಾನವಾಗಿ ಕೆಳಗಿಟ್ಟು, ಆಮೇಲೆ ನಕ್ಕರು. ಅಕ್ಕನ ಭುಜ ಕುಲುಕಿತು. ಗುಂಡಿ ಒತ್ತಿದ ಮೇಲೆ ಎಷ್ಟು ಸೆಕೆಂಡು ಹಿಡಿಯಿತೋ, ನೋಡಲು ಮರೆತೆ.

ಈ ವಾರ ಅವಳು ನುಂಗುವುದು ಇನ್ನಷ್ಟು ನಿಧಾನವಾಗಿದೆ. ಮೊನ್ನೆಯಿಂದ ಸೂಪನ್ನು ಗಟ್ಟಿ ಮಾಡಿ ಕೊಡುತ್ತಿದ್ದೇವೆ. ಇದನ್ನು ಬರೆಯುತ್ತಾ ಇನ್ನೂ ಏನೋ ಹೇಳಬೇಕೆಂದು ಇತ್ತು, ಆದರೆ ಎದುರಿಗೆ ಅಕ್ಕ ಬೆರಳು ಕೀಲಿಮಣೆಗೆ ತಂದಿದ್ದಾಳೆ. ಮೊದಲ ಅಕ್ಷರ ಒತ್ತಿದಳು. ಪೆನ್ನು ಇಡುತ್ತೇನೆ.